ಬಡಗಣ ಕಡಲ ತಡಿಯಲ್ಲಿ

ಕೊಕ್ಕಡದಲ್ಲಿ ನಿಂತವನಿಗೆ ಕಡಲು ಕಾಣಿಸುವುದಿಲ್ಲ. ಅದರ ಮೊರೆತವೂ ಕೇಳಿಸುವುದಿಲ್ಲ. ಬೆಳ್ತಂಗಡಿ ತಾಲೂಕಿನ ತೆಂಕಣ ಭಾಗದಲ್ಲಿ, ಪಶ್ಚಿಮ ಘಟ್ಟಗಳ ಅಡಿಗೆ ಒರಗಿಕೊಂಡಿರುವ ಈ ಊರಿನಿಂದ ಪಡುವಣ ಸಮುದ್ರಕ್ಕೆ ನೇರವಾಗಿ ಗೆರೆಯೆಳೆದು ಅಳೆದರೂ 60 ಕಿಲೋಮೀಟರಿಗೆ ಮಿಕ್ಕ ದಾರಿ. ಇಲ್ಲಿಯದು ಅಡಕೆಯ ತೋಟ, ರಬ್ಬರಿನ ಗುಡ್ಡ, ಸೌತಡ್ಕದ ಬಯಲು ಗಣಪತಿಯ ಗಂಟೆಗಳ ನಾದ. ಆದರೂ ಮೀನು ತಿನ್ನುವ ಮನೆಗಳ ಮಟ್ಟಿಗೆ ಕಡಲು ಎಂದೂ ದೂರದ್ದಲ್ಲ. ಆಟಿಯ ಜಡಿಮಳೆ ಹಿಡಿದು, ಹೊಳೆ ತುಂಬಿ, ಹಸಿ ಮೀನಿನ ಸುಳಿವಿಲ್ಲದಿರುವಾಗ ಅಟ್ಟದ ಮೇಲಿನಿಂದ ಇಳಿಯುವ ಒಣಮೀನಿನ ಕಟ್ಟೇ ಅವರ ಪಾಲಿನ ಸಮುದ್ರ.

ಮೀನಿನೊಡನೆ ಈ ಸೀಮೆಯವರಿಗೆ ಇನ್ನೊಂದು ಬಗೆಯ ನಂಟೂ ಉಂಟು. ಹತ್ತಿರದ ಶಿಶಿಲದಲ್ಲಿ, ಶಿಶಿಲೇಶ್ವರನ ಗುಡಿಯ ಮಗ್ಗುಲಲ್ಲಿ ಹರಿಯುವ ಕಪಿಲಾ ನದಿಯ ಮಡುವಿನಲ್ಲಿ ತೋಳುದ್ದದ ಮೀನುಗಳು ಹಿಂಡುಹಿಂಡಾಗಿ ಆಡುತ್ತಿರುತ್ತವೆ. ಅವು ದೇವರ ಮೀನುಗಳು. ಭಕ್ತರು ಅಕ್ಕಿ, ಅರಳು ಎಸೆಯುವರೇ ಹೊರತು ಗಾಳ ಎಸೆಯುವವರಿಲ್ಲ. ಕಾನೂನಿನ ಪುಸ್ತಕದಲ್ಲಿ ವನ್ಯಜೀವಿ ಎಂಬ ಶಬ್ದ ಅಚ್ಚಾಗುವುದಕ್ಕೆ ಬಹಳ ಮೊದಲೇ ಆ ಮಡು ಅಭಯಾರಣ್ಯವಾಗಿತ್ತು.

ಹೀಗೆ ಮೀನನ್ನು ತಿನ್ನುವುದನ್ನೂ ಕಾಯುವುದನ್ನೂ ಏಕಕಾಲಕ್ಕೆ ಬಲ್ಲ ಘಟ್ಟದಡಿಯ ಜನ, ಮೀನು ಹಿಡಿಯುವವರ ಬಾಳನ್ನು ಮಾತ್ರ ಅಷ್ಟಾಗಿ ಅರಿತವರಲ್ಲ. ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಕಡಲು ತೋರಿಸಬೇಕೆಂದರೆ ಪಣಂಬೂರು. ಇನ್ನೂ ಉತ್ಸಾಹವಿದ್ದರೆ ಮಲ್ಪೆ. ಕನ್ನಡ ಕರಾವಳಿ ಅಲ್ಲಿಗೆ ಮುಗಿಯಲಿಲ್ಲ. ಹೊನ್ನಾವರದಿಂದಾಚೆ, ಕುಮಟಾ ಅಂಕೋಲಾಗಳನ್ನು ದಾಟಿ, ಕಾರವಾರದ ಮಾಜಾಳಿಯವರೆಗೆ ಹಬ್ಬಿರುವ ಅದರ ಬಡಗಣ ತುದಿ ಕೊಕ್ಕಡದಿಂದ ಸುಮಾರು 300 ಕಿಲೋಮೀಟರು. ಕಾಡು ಕಡಲನ್ನು ಮುಟ್ಟುವಷ್ಟು ಹತ್ತಿರಕ್ಕೆ ಬರುವುದು, ದ್ವೀಪಗಳು ಕಣ್ಣಳತೆಯಲ್ಲಿ ತೇಲುವುದು, ದಡದಲ್ಲಿ ನಿಂತವನಿಗೇ ಡಾಲ್ಫಿನ್ನಿನ ಬೆನ್ನು ಕಾಣಿಸುವುದು ಅಲ್ಲಿ.

ಕುಂದಾಪುರ ಕಳೆದ ಮೇಲೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ. ಅಲ್ಲಿ ವಾಹನ ನಿಲ್ಲಿಸಿ ಛಾಯಾಚಿತ್ರ ತೆಗೆಯದವರು ವಿರಳ. ಬಡಗಿಗೆ ಸಾಗಿದಂತೆ ಕಣ್ಣಿಗಿಂತ ಮೊದಲು ಕಿವಿಗೆ ಬದಲಾವಣೆ ತಿಳಿಯುತ್ತದೆ. ತೆಂಕಣ ತುಳುನಾಡಿನ ಮೊಗವೀರರ ಪೇಟೆಯಲ್ಲಿ ಬೂತಾಯಿ ಎನಿಸಿಕೊಂಡ ಮೀನು ಕಾರವಾರದಲ್ಲಿ ತಾರ್ಲೆಯಾಗುತ್ತದೆ, ಅಂಜಲ್ ಇಸವಾಣವಾಗುತ್ತದೆ, ಎಟ್ಟಿ ಸುಂಗಟವಾಗುತ್ತದೆ, ಮರುವಾಯಿ ಕುಮಟೆಯಲ್ಲಿ ಬಳಚಾಗಿ, ಕಾರವಾರ ಮುಟ್ಟುವ ಹೊತ್ತಿಗೆ ತಿಸ್ರ್ಯೊ ಆಗಿಬಿಡುತ್ತದೆ. ಮೊಗವೀರರ ಸೀಮೆ ಮುಗಿದು ಕೊಂಕಣಿ ನುಡಿಯುವ ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು, ದಾಲ್ದಿ ಮುಸಲ್ಮಾನರು, ಕ್ರೈಸ್ತ ಮೀನುಗಾರರು ಒಬ್ಬರ ಪಕ್ಕದಲ್ಲೊಬ್ಬರು ನೆಲಸಿರುವ ಸೀಮೆ ತೆರೆದುಕೊಳ್ಳುತ್ತದೆ. ಮನೆಯ ಮಾತು ಬೇರೆಯಾದರೂ ಗಾಳಿಯ ದಿಕ್ಕು ನೋಡಿ ದೋಣಿ ಇಳಿಸುವ ಲೆಕ್ಕಾಚಾರ ಎಲ್ಲರದೂ ಒಂದೇ.

ಮುರ್ಡೇಶ್ವರದ ಬೃಹತ್ ಶಿವಮೂರ್ತಿಯನ್ನೂ ಗೋಪುರವನ್ನೂ ನೋಡಿ ಹಿಂದಿರುಗುವ ಯಾತ್ರಿಕರಲ್ಲಿ ಎಷ್ಟು ಮಂದಿ ಪಡುವಣ ದಿಗಂತದ ಕಡೆ ಕಣ್ಣೆತ್ತಿ ನೋಡಿರುತ್ತಾರೋ! ತಿಳಿಯಾದ ದಿನ ಅಲ್ಲಿ ಒಂದು ನೀಲಿ ದಿಬ್ಬ ತೋರುತ್ತದೆ. ದಡದಿಂದ ಸುಮಾರು 19 ಕಿಲೋಮೀಟರು ದೂರದ ಆ ಜನವಸತಿಯಿಲ್ಲದ ದ್ವೀಪವೇ ನೇತ್ರಾಣಿ. ಹಿಂದಿನ ನಾವಿಕರು ಅಲ್ಲಿ ಕಂಡ ಪಾರಿವಾಳಗಳಿಂದ ಅದಕ್ಕೆ ಪಾರಿವಾಳದ ದ್ವೀಪವೆಂದೇ ಆಂಗ್ಲ ಹೆಸರಿತ್ತು. ಕಡಿದಾದ ಬಂಡೆಗಳ ಮೇಲಣ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಕಟ್ಟಿಗೆಯ ದೊಡ್ಡ ಗೂಡು ಕಟ್ಟುತ್ತದೆ. ಮೀನನ್ನಷ್ಟೇ ಅಲ್ಲ, ನೀರಹಾವನ್ನೂ ಕಾಲುಗುರಿನಲ್ಲಿ ಎತ್ತಿ ಒಯ್ಯುವ ಗಟ್ಟಿಗ ಪಕ್ಷಿ ಅದು. ನೀರಿನ ಅಡಿಯಲ್ಲಿ ಹವಳದ ಬಂಡೆ, ಅದರ ಸಂದುಗೊಂದುಗಳಲ್ಲಿ ಬಣ್ಣಬಣ್ಣದ ಮೀನು. ಮಳೆಗಾಲ ಕಳೆದ ಮೇಲೆ ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಮುಳುಗಿ ನೋಡುವ ಪ್ರವಾಸಿಗರು ಈಗ ಇಲ್ಲಿಗೆ ಬಹುಸಂಖ್ಯೆಯಲ್ಲಿ ಬರುತ್ತಾರೆ.

ಇವರಿಗಿಂತ ಬಹಳ ಹಿಂದಿನಿಂದಲೂ ಅಲ್ಲಿಗೆ ಹೋಗಿ ಬರುತ್ತಿರುವವರು ಮೀನುಗಾರರು. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರೂ ಮತದವರಿಗೆ ಆ ಬಂಡೆಯ ಮೇಲೆ ಆರಾಧನೆಯ ತಾಣವಿದೆ. ಹರಕೆ ಹೊತ್ತವರು ಆಡುಗಳನ್ನು ದೋಣಿಯಲ್ಲಿ ಒಯ್ದು ಅಲ್ಲಿ ಬಿಟ್ಟು ಬರುತ್ತಾರೆ; ಅವು ಕಾಡಾಡುಗಳಂತೆ ಬಂಡೆಗಳ ಮೇಲೆ ನೆಗೆದಾಡಿಕೊಂಡಿರುತ್ತವೆ. ಇದೇ ದ್ವೀಪವನ್ನು ನೌಕಾಪಡೆಯವರು ಗುರಿಯ ಅಭ್ಯಾಸಕ್ಕೂ ಬಳಸಿಕೊಂಡದ್ದುಂಟು. ದೇವರು, ಹದ್ದು, ಹವಳ, ಫಿರಂಗಿ ಇಷ್ಟೂ ಒಂದೇ ಬಂಡೆಯನ್ನು ಹಂಚಿಕೊಳ್ಳಬೇಕಾಗಿ ಬಂದ ಉದಾಹರಣೆ ಬೇರೆ ಎಲ್ಲಿದೆಯೋ ತಿಳಿಯದು.

ಟೊಂಕದ ಮರಳು

ಹೊನ್ನಾವರದಲ್ಲಿ ಶರಾವತಿ ಸಮುದ್ರವನ್ನು ಸೇರುತ್ತಾಳೆ. ಅವಳ ಮೇಲಿನ ಕೊಂಕಣ ರೈಲ್ವೆಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಆ ಮಾರ್ಗದಲ್ಲಿ ಅದಕ್ಕಿಂತ ಉದ್ದದ್ದು ಬೇರೊಂದಿಲ್ಲ. ನದಿಯ ತೆಂಕಣ ದಡದಲ್ಲಿ ಕಾಸರಕೋಡು. ಅದರ ಅಂಚಿನಲ್ಲಿ ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ಹೆಸರಿಗೆ ತಕ್ಕಂತೆ ನಡುವಿನ ಹಾಗೆ ಸಣ್ಣಗಾದ ಮರಳ ನೆಲ, ಅದೇ ಟೊಂಕ. ಪರಿಶುದ್ಧವಾದ ಬೀಚುಗಳಿಗೆ ಕೊಡುವ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ 2020ರಲ್ಲಿ ಕಾಸರಕೋಡಿನ ಒಂದು ತೀರಕ್ಕೆ ದೊರೆಯಿತು. ಪಟ್ಟಣಿಗರು ಮಕ್ಕಳೊಡನೆ ಬಂದು ಗಾಳಿಯ ತೋಪಿನ ನೆರಳಲ್ಲಿ ಕುಳಿತು ಹೋಗುವುದು ಅಲ್ಲಿಗೆ. ಟೊಂಕದವರೆಗೆ ನಡೆದು ಬರುವವರು ಕಡಿಮೆ. ಬಂದರೆ ಮೂಗಿಗೆ ಕರವಸ್ತ್ರ ಹಿಡಿಯುವವರೇ ಹೆಚ್ಚು. ಬಿಸಿಲಿಗೆ ಹರವಿದ ಮೀನಿನ ನಾತ ರೂಢಿಯಿಲ್ಲದವರಿಗೆ ಸಹಿಸಲಾಗದು, ನಿಜ. ಆದರೆ ಘಟ್ಟದಡಿಯ ಅಟ್ಟವನ್ನೇರುವ ಒಣಮೀನಿನ ಹುಟ್ಟೂರು ಇಂಥದೇ ಮರಳು. ಹೆಂಗಸರು ನಸುಕಿನಲ್ಲೇ ಮೀನಿಗೆ ಉಪ್ಪು ಹಚ್ಚಿ, ಹಾಸಿ, ಮಗುಚಿ, ಸಂಜೆ ರಾಶಿ ಮಾಡಿ ಮುಚ್ಚುವ ಕೆಲಸ ಭತ್ತದ ಕಣದ ಕೆಲಸಕ್ಕಿಂತ ಹಗುರವಾದುದಲ್ಲ.

ರಾತ್ರಿ ಈ ಮರಳಿಗೆ ಬೇರೊಬ್ಬ ಹೆಂಗಸು ಬರುತ್ತಾಳೆ. ಚಳಿಗಾಲ ಹಿಡಿದಾಗಿನಿಂದ ಬೇಸಗೆಯ ಮೊದಲವರೆಗೆ, ಕತ್ತಲು ಬಲಿತ ಮೇಲೆ, ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆ ಅಲೆಯಿಂದ ಎದ್ದು ಮರಳನ್ನೇರುತ್ತದೆ. ನೀರಿನಲ್ಲಿ ಹಕ್ಕಿಯಂತೆ ಹಾರುವ ಪ್ರಾಣಿ ನೆಲದ ಮೇಲೆ ಮೈಯನ್ನು ಎಳೆದುಕೊಂಡು ಬರುವುದನ್ನು ನೋಡಿದರೆ ಕರುಣೆ ಹುಟ್ಟಬೇಕು. ಹಿಂಗಾಲಿನಿಂದ ಕೊಡದ ಆಕಾರದ ಗುಳಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದ ತಟ್ಟಿ ಸಮಮಾಡಿ ಅದು ಮತ್ತೆ ಕಡಲಿಗಿಳಿಯುತ್ತದೆ. ಮರಿಗಳ ಮುಖವನ್ನು ಅದು ಎಂದೂ ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಿಗಳು ಒಡೆದು ಹೊರಬರುತ್ತವೆ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು! ಕತ್ತಲಲ್ಲಿ ಯಾವ ದಿಕ್ಕು ಬೆಳಗುತ್ತಿದೆಯೋ ಆ ಕಡೆಗೆ ಓಡುವುದು ಅವುಗಳ ಹುಟ್ಟುಗುಣ. ಕೋಟ್ಯಂತರ ವರ್ಷಗಳಿಂದ ಆ ಬೆಳಕು ಸಮುದ್ರದ್ದಾಗಿತ್ತು. ಈಗ ದಡದ ಹಿಂದಿನ ರಸ್ತೆಯ ದೀಪ ಅದಕ್ಕಿಂತ ಪ್ರಕಾಶಮಾನ. ಮರಿಗಳು ದಾರಿತಪ್ಪಿ ನೆಲದ ಕಡೆಗೆ ಹರಿದು ನಾಯಿಯ, ಕಾಗೆಯ ಬಾಯಿಗೆ ಬೀಳುತ್ತವೆ.

ಮೀನುಗಾರರ ಪಾಲಿಗೆ ಆಮೆ ಕೂರ್ಮಾವತಾರ. ಬಲೆಗೆ ಸಿಕ್ಕಿದರೆ ಬಲೆ ಕತ್ತರಿಸಿಯಾದರೂ ಬಿಡಿಸಿ ನೀರಿಗೆ ಬಿಡುವವರಿದ್ದಾರೆ. ಗೂಡು ಕಂಡವರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ; ಇಲಾಖೆಯವರು ಬಂದು ಸುತ್ತ ಬಲೆಯ ಬೇಲಿ ಕಟ್ಟುತ್ತಾರೆ; ಮೊಟ್ಟೆ ಒಡೆಯುವ ದಿನ ಕೇರಿಯ ಮಕ್ಕಳೆಲ್ಲ ಅಲ್ಲಿ ನೆರೆದಿರುತ್ತಾರೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿರುವ ಈ ಪ್ರಾಣಿಗೆ ಹುಲಿಗೆ ಸಮನಾದ ರಕ್ಷಣೆಯಿದೆ. ಆದರೆ ಹುಲಿಗೆ ಕಾವಲುಗಾರರ ಪಡೆಯೇ ಇದೆ; ಟೊಂಕದ ಆಮೆಗೆ ಮೊದಲ ಕಾವಲುಗಾರರು ಒಣಮೀನಿನ ಹೆಂಗಸರು ಮತ್ತು ಅವರ ಮಕ್ಕಳು.

ಹಾಗೆಂದು ಮೀನುಗಾರಿಕೆಯಿಂದ ಆಮೆಗೆ ಕೇಡೇ ಇಲ್ಲವೆನ್ನುವಂತಿಲ್ಲ. ಆಮೆ ಉಸಿರಿಗಾಗಿ ಮೇಲೆ ಬರಲೇಬೇಕಾದ ಪ್ರಾಣಿ. ಯಂತ್ರದ ದೋಣಿ ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆಯೊಳಗೆ ಸಿಲುಕಿದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬಲೆಯ ಕತ್ತಿನಲ್ಲಿ ಆಮೆ ಹೊರಗೆ ಜಾರಿಹೋಗುವಂತೆ ಕಂಬಿಯ ಜಾಲರಿ ಅಳವಡಿಸುವ ಉಪಾಯವಿದೆ. ಭಾರತದಲ್ಲಿ ಇದು ಬಳಕೆಗೆ ಬಂದಿಲ್ಲವೆಂದು 2019ರಲ್ಲಿ ಅಮೆರಿಕಾ ದೇಶ ಇಲ್ಲಿಯ ಕಡಲ ಸೀಗಡಿಯ ಆಮದನ್ನೇ ನಿಲ್ಲಿಸಿತು. ಮರಳ ಮೇಲಿನ ಒಂದು ಗುಳಿಗೂ ಸಾವಿರಾರು ಮೈಲಿಯಾಚೆಯ ಊಟದ ಮೇಜಿಗೂ ಇಂಥ ನಂಟು.

ಈ ಟೊಂಕದಲ್ಲಿಯೇ ಖಾಸಗಿ ವಾಣಿಜ್ಯ ಬಂದರೊಂದನ್ನು ಕಟ್ಟುವ ಯೋಜನೆ ಬಂದಿದೆ. ಬಂದರಿಗೆ ರಸ್ತೆ ಬೇಕು, ರಸ್ತೆಗೆ ಮರಳ ನೆಲ ಬೇಕು. ಆ ನೆಲದ ಮೇಲೆ ಮನೆಗಳೂ ಮೀನಿನ ಹಾಸೂ ಆಮೆಯ ಗೂಡೂ ಇವೆ. ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಹೆಂಗಸರು ಮಕ್ಕಳು ರಸ್ತೆಯ ಮೇಲೆ ಕುಳಿತದ್ದುಂಟು, ಪೊಲೀಸರು ಎಬ್ಬಿಸಿ ಒಯ್ದದ್ದುಂಟು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಈ ವಾದದಲ್ಲಿ ಅವರು ಮುಂದಿಡುತ್ತಿರುವ ಸಾಕ್ಷಿಗಳಲ್ಲಿ ಒಂದು ಆಮೆ. ಆಮೆ ಮೊಟ್ಟೆಯಿಡುವ ದಡದಲ್ಲಿ ಕಟ್ಟಡ ಕಟ್ಟಲು ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಮನುಷ್ಯ ಮೊಟ್ಟೆಗೆ ಬೇಲಿ ಕಟ್ಟಿದ. ಈಗ ಆ ಮೊಟ್ಟೆ ಮನುಷ್ಯನ ಮನೆಗೆ ಬೇಲಿಯಾಗಬಹುದೇ ಎಂಬುದು ಅಲ್ಲಿಯ ಪ್ರಶ್ನೆ.

ಧ್ರುವದ ನೆರೆಯವರು

ಚಳಿಗಾಲದ ಬೆಳಗಿನಲ್ಲಿ ಇದೇ ದಡಗಳ ಮೇಲೆ ಅಲೆ ಹಿಂದೆ ಸರಿದಾಗ ಅದರ ಹಿಂದೆಯೇ ಓಡಿ, ಅಲೆ ಮುಂದೆ ಬಂದಾಗ ಹಿಂದಿರುಗಿ ಓಡುವ ಬಿಳಿಬೂದು ಬಣ್ಣದ ಸಣ್ಣ ಹಕ್ಕಿಗಳ ಗುಂಪು ಕಾಣಸಿಗುತ್ತದೆ. ಚಕ್ರ ಕಟ್ಟಿದ ಆಟಿಕೆಗಳಂತೆ ಅವುಗಳ ಓಟ. ಸ್ಯಾಂಡರ್ಲಿಂಗ್ ಎಂದು ಹಕ್ಕಿಬಲ್ಲವರು ಕರೆಯುವ ಇದರ ತೂಕ 50, 60 ಗ್ರಾಂ. ಇದು ಮರಿಮಾಡುವುದು ಮರವೇ ಬೆಳೆಯದ ಧ್ರುವಪ್ರದೇಶದ ಹಿಮಬಯಲಿನಲ್ಲಿ. ಅಲ್ಲಿಯ ಅಲ್ಪಕಾಲದ ಬೇಸಗೆ ಮುಗಿದೊಡನೆ ಹಿಮಾಲಯಕ್ಕೂ ಆಚೆಯ ಆ ನಾಡಿನಿಂದ ಹೊರಟು ನಮ್ಮ ಕಡಲ ತಡಿಗೆ ಬಂದು, ಬೇಸಗೆ ಕಾಯುವ ಮುನ್ನ ಮರಳುತ್ತದೆ. ಕಲ್ಲು ಮಗುಚಿ ಹುಳ ಹುಡುಕುವ ಟರ್ನ್‌ಸ್ಟೋನ್ ಹಕ್ಕಿಯೂ ಧ್ರುವದ ಕಡೆಯದೇ. ಮೀನಿನ ದೋಣಿಯ ಹಿಂದೆ ಕೂಗುತ್ತ ಬರುವ ಕಂದುತಲೆಯ ಕಡಲಕ್ಕಿಗಳು ಟಿಬೆಟ್ಟಿನ, ಲಡಾಖಿನ ಎತ್ತರದ ಸರೋವರಗಳ ಸಂತಾನ. ದೂರದ ಬಡಗಣದ ವನ್ಯಜೀವಿಗಳನ್ನು ನೋಡಲು ಹಡಗು ಹತ್ತಬೇಕಾಗಿಲ್ಲ. ಅವೇ ಇಲ್ಲಿಗೆ ಬರುತ್ತವೆ, ಟಿಕೇಟು ಕೊಳ್ಳದೆ.

ಹಡಗು ಹತ್ತಿ ಹೋಗುವವರೂ ಲೋಕದಲ್ಲಿ ಇಲ್ಲದಿಲ್ಲ. ಕೆನಡಾ ದೇಶದ ಮೂಡುತುದಿಯ ನ್ಯೂಫೌಂಡ್‌ಲ್ಯಾಂಡಿಗೆ ಬೇಸಗೆಯಲ್ಲಿ ಪ್ರವಾಸಿಗಳು ಗುಂಪುಗೂಡಿ ಹೋಗುತ್ತಾರೆ. ತೇಲುವ ಹಿಮದ ಬೆಟ್ಟ, ನೀರಿನಿಂದ ಚಿಮ್ಮುವ ತಿಮಿಂಗಿಲ, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳ ವಸಾಹತು, ಕೊಲ್ಲಿಯ ಅಂಚಿನಲ್ಲಿ ಚಿತ್ರದಂಥ ಮರದ ಮನೆಗಳ ಹಳ್ಳಿ. ಆ ಹಳ್ಳಿಗಳ ಕತೆ ಚಿತ್ರದಷ್ಟು ಸುಂದರವಲ್ಲ. ಐದು ನೂರು ವರ್ಷಗಳ ಕಾಲ ಅವು ಕಾಡ್ ಎಂಬ ಒಂದೇ ಮೀನನ್ನು ನಂಬಿ ಬಾಳಿದುವು. ಹಿಡಿದು, ಸೀಳಿ, ಉಪ್ಪು ಹಚ್ಚಿ, ಒಣಗಿಸಿ ಮಾರುವುದು ಅಲ್ಲಿಯವರ ಕಸುಬು; ಟೊಂಕದ ಹೆಂಗಸಿಗೆ ಅದನ್ನು ವಿವರಿಸಬೇಕಾದುದೇ ಇಲ್ಲ. ದೊಡ್ಡ ಟ್ರಾಲರುಗಳು ಕಡಲನ್ನು ಗುಡಿಸಿದ ಮೇಲೆ ಮೀನು ಮುಗಿಯಿತು. 1992ರ ಜುಲೈ 2ರಂದು ಸರಕಾರ ಕಾಡ್ ಹಿಡಿಯುವುದನ್ನೇ ನಿಷೇಧಿಸಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು, ಕೇರಿಗಳು ಬರಿದಾದುವು. ಉಳಿದವರಲ್ಲಿ ಕೆಲವರು ಮೀನಿನ ದೋಣಿಯಲ್ಲೇ ಪ್ರವಾಸಿಗಳನ್ನು ಕೂರಿಸಿಕೊಂಡು ತಿಮಿಂಗಿಲ ತೋರಿಸಲು ಹೊರಟರು. ಅಲ್ಲಿ ವಾಣಿಜ್ಯ ಮೀನುಗಾರಿಕೆಗೆ ಮಿತಿಯಿಟ್ಟು ಮತ್ತೆ ಬಾಗಿಲು ತೆರೆದದ್ದು 2024ರಲ್ಲಿ, 32 ವರ್ಷಗಳ ಅನಂತರ. ಕಾರವಾರದ ಕಡಲಲ್ಲಿ ಡಾಲ್ಫಿನ್ ತೋರಿಸಲು ಹೊರಡುವ ದೋಣಿಯನ್ನು ನೋಡುವಾಗ ಈ ಕತೆ ನೆನಪಿನಲ್ಲಿರುವುದು ಒಳ್ಳೆಯದು. ಇಲ್ಲಿ ಮೀನುಗಾರ ಇನ್ನೂ ಮೀನುಗಾರನಾಗಿಯೇ ಇದ್ದಾನೆ. ಪ್ರವಾಸಿಯ ಹಣ ಅವನಿಗೆ ಮೇಲುಗಳಿಕೆ.

ಎರಡು ಅಳಿವೆಗಳು

ಅಳಿವೆ ಎಂದರೆ ನದಿ ಕಡಲನ್ನು ಕೂಡುವ ಎಡೆ. ಶರಾವತಿಯ ಅಳಿವೆಯನ್ನೂ ಅದರ ಬಡಗಿಗಿರುವ ಅಘನಾಶಿನಿಯ ಅಳಿವೆಯನ್ನೂ ಒಟ್ಟಿಗೆ ನೋಡಿದವನಿಗೆ ಪಾಠ ಹೇಳುವ ಮೇಷ್ಟರು ಬೇಕಾಗುವುದಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟಾಯಿತು. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಬೇಸಗೆಯಲ್ಲೂ ಅಳಿವೆಗೆ ಇಳಿಯುತ್ತದೆ. ಬೇಸಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಉಪ್ಪನ್ನು ಬಯಸುವ ಚಿಪ್ಪಿನ ಜೀವಿಗಳೂ ಮೀನುಗಳೂ ಅಲ್ಲಿ ಕ್ಷೀಣಿಸಿದುವೆಂದು ಅಳಿವೆಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ಹೇಳುತ್ತಾರೆ. ನಾಡಿಗೆಲ್ಲ ದೀಪ ಹಚ್ಚಿದ ನದಿ ತನ್ನ ಬಾಯಿಯ ರುಚಿಯನ್ನು ಕಳೆದುಕೊಂಡಿತು.

ಅಘನಾಶಿನಿಗೆ ಅಣೆಕಟ್ಟಿಲ್ಲ. ಘಟ್ಟದಿಂದ ಕಡಲಿನವರೆಗೆ ಅವಳು ಹರಿದದ್ದೇ ದಾರಿ. ಕುಮಟಾ ತಾಲೂಕಿನ ಅವಳ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೂರಾರು ಮಂದಿ ಸೊಂಟದುದ್ದ ನೀರಿಗಿಳಿದು ಕಾಲಿನಿಂದ ತಡವಿ ಬಳಚು ಹೆಕ್ಕುತ್ತಾರೆ. ಬಂಡವಾಳವೆಂದರೆ ಒಂದು ಬುಟ್ಟಿ, ಉಬ್ಬರ ಇಳಿತದ ಪಂಚಾಂಗಜ್ಞಾನ, ಗಟ್ಟಿಮುಟ್ಟಾದ ಮೈ. ದೋಣಿ ಕೊಳ್ಳಲಾರದವರಿಗೂ ಹೀಗೆ ಈ ಹೊಳೆ ಅನ್ನವಿಕ್ಕುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ತಾಳಿ ಬೆಳೆಯುವ ಕಗ್ಗವೆಂಬ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟರೆ ಸೀಗಡಿ, ಮೀನು. ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳ ತೊಟ್ಟಿಲು. ಕೆಸರಿನ ಮೇಲೆ ಧ್ರುವದಿಂದ ಬಂದ ಅತಿಥಿಗಳು. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ, ಎಂದರೆ ಲೋಕದ ಮಹತ್ವದ ಜೌಗುನೆಲಗಳ ಸಾಲಿಗೆ, ಸೇರಿತು. ಮಂಗಳೂರಿನ ಹೋಟೆಲಿನಲ್ಲಿ ಮರುವಾಯಿ ಸುಕ್ಕದ ರುಚಿಯನ್ನು ಹೊಗಳುವವರು ಒಮ್ಮೆ ಇಲ್ಲಿಯ ಇಳಿತದ ಹೊತ್ತನ್ನು ನೋಡಬೇಕು.

ಅಂಕೋಲೆಯನ್ನು ವೇಗವಾಗಿ ದಾಟಿಹೋಗುವುದು ಅನ್ಯಾಯವೇ ಸರಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಕಣ್ಣು ನೆಟ್ಟದ್ದು ಈ ಊರಿನ ಮೇಲೆ. ಈಗ ಅಲ್ಲಿಯ ಕೇಣಿಯ ಕಡಲಿಗೂ ದೊಡ್ಡ ಬಂದರಿನ ಯೋಜನೆ ಬಂದು, ಮೀನುಗಾರರು ಮತ್ತೆ ದಡಕ್ಕಿಳಿದು ವಿರೋಧಿಸಿದ್ದಾರೆ.

ಕಾಳಿಯ ತೀರ

ಕಾರವಾರದ ಚೆಲುವಿಗೆ ಬೇರೆಯವರ ಪ್ರಶಸ್ತಿ ಬೇಕಾಗಿಲ್ಲ. ಆದರೂ ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ತಂಗಿದ್ದರೆಂಬುದನ್ನೂ, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಇಲ್ಲಿಯೇ ಬರೆದರೆಂಬುದನ್ನೂ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ದೊಡ್ಡ ಬೀಚಿಗೆ ಅವರ ಹೆಸರೇ ಇದೆ. ಬಡಗಿಗೆ ಕಾಳಿ ನದಿ, ಆಚೆ ಸದಾಶಿವಗಡ. ಅವೆರಡನ್ನೂ ಜೋಡಿಸಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿ ಉಳಿದ.

ಕಾರವಾರದ ತೀರದಲ್ಲಿ ಅದೃಷ್ಟವಿದ್ದವನಿಗೆ ಈಗಲೂ ಕಾಣಸಿಗುವುದು ರಂಪಣಿ. ಬೆಳಗಾಗುವ ಮುನ್ನ ದೋಣಿಯೊಂದು ದಡದಿಂದ ಹೊರಟು, ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಹೋಗಿ, ಮತ್ತೆ ದಡಕ್ಕೆ ಬಂದು ಸೇರುತ್ತದೆ. ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ಹಿಡಿದು ಎಳೆಯತೊಡಗುತ್ತಾರೆ. ಹಿಂದೆ ಈ ಬಲೆಯ ಉದ್ದ ಒಂದು ಕಿಲೋಮೀಟರನ್ನೂ ಮೀರುತ್ತಿತ್ತು. ಎಳೆಯಲು ಎಂಬತ್ತು, ನೂರು ಕೈ ಬೇಕಾಗುತ್ತಿದ್ದುವು. ಬಲೆ ಒಬ್ಬನದಲ್ಲ. ಒಂದೊಂದು ಮನೆಯವರ ಒಂದೊಂದು ತುಂಡು ಸೇರಿ ಕೇರಿಯ ಬಲೆಯಾಗುತ್ತಿತ್ತು. ಬಂಗಡೆಯ ರಾಶಿ ಬಂದಾಗ ಬಲೆಯ ತುಂಡಿಗೂ ಎಳೆದ ತೋಳಿಗೂ ಪಾಲು. ತೆಂಕಣ ಉಳ್ಳಾಲದಿಂದ ಮಾಜಾಳಿಯವರೆಗೆ ಕರಾವಳಿಯ ಬದುಕನ್ನು ಕಟ್ಟಿಹಿಡಿದಿದ್ದ ಹಗ್ಗ ಇದು. 1975ರ ಸುಮಾರಿಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು, ದಡಕ್ಕೆ ಬರಲಿದ್ದ ಬಂಗಡೆ ಬೂತಾಯಿಗಳ ಹಿಂಡನ್ನು ನಡುಗಡಲಲ್ಲೇ ಸುತ್ತುವರಿದು ಎತ್ತತೊಡಗಿದುವು. ಕೆಲವೇ ವರ್ಷಗಳಲ್ಲಿ ರಂಪಣಿ ಬಡವಾಯಿತು. ಎರಡೂ ಕಡೆಯವರ ನಡುವೆ ಜಗಳ, ಹೊಡೆದಾಟ, ಅರ್ಜಿ, ಆಯೋಗ ಎಲ್ಲ ನಡೆದುವು. ಈಗ ಕಾಣುವ ರಂಪಣಿಯೂ ಅದರ ತಮ್ಮನಂಥ ಏಂಡಿ ಬಲೆಯೂ ಹಳೆಯದರ ಸಣ್ಣ ಉಳಿಕೆ. ಬಲೆ ದಡ ಮುಟ್ಟುವ ಹೊತ್ತಿಗೆ ನೋಡಲು ನೆರೆದ ಪ್ರವಾಸಿಯ ಕೈಗೂ ಒಮ್ಮೊಮ್ಮೆ ಹಗ್ಗ ಬರುವುದುಂಟು. ಎಳೆದವನಿಗೆ ಮೀನಿನ ತೂಕ ತಿಳಿಯುತ್ತದೆ.

ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡಲೆಂದು ಹಾಕಿರುವ ಕಟ್ಟಳೆ ಇದು. ರಾತ್ರಿ ಪ್ರಖರ ದೀಪ ಹಚ್ಚಿ ಮೀನನ್ನು ಮರುಳುಗೊಳಿಸಿ ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಕಟ್ಟಳೆಯನ್ನು ಪಾಲಿಸುವವರು ಪಾತಿ ದೋಣಿಯ ಬಡವರು, ಮುರಿಯುವವರು ದೊಡ್ಡ ಯಂತ್ರದವರು ಎಂಬ ದೂರು ದಡದ ಉದ್ದಕ್ಕೂ ಇದ್ದೇ ಇದೆ.

ದಡದ ಹತ್ತಿರವೇ ಸುಳಿಯುವ ಗೂನುಬೆನ್ನಿನ ಡಾಲ್ಫಿನ್ ಕಾರವಾರದ ಕೊಲ್ಲಿಯ ಖಾಯಂ ನಿವಾಸಿ. ಮೊದಲು ಬೆನ್ನಿನ ಡುಬ್ಬ, ಅದರ ಮೇಲಿನ ಚಿಕ್ಕ ರೆಕ್ಕೆ, ಆಮೇಲೆ ಬಾಲ. ಒಂದು ಉಸಿರಿನ ಸದ್ದು ಕೇಳಿಸಿ ಮರೆಯಾಗುತ್ತದೆ. ನಗರದ ಜನ ನಿರೀಕ್ಷಿಸುವ ಸರ್ಕಸ್ಸಿನ ನೆಗೆತ ಅಪರೂಪ. ಡಾಲ್ಫಿನ್ ಸುಳಿಯುವಲ್ಲಿ ಮೀನಿದೆಯೆಂದು ಮೀನುಗಾರರಿಗೆ ಗೊತ್ತು. ಬಲೆ ಹರಿದಾಗ ಬೈಗುಳವೂ ಅದಕ್ಕೆ ಗೊತ್ತು! ಕಾಳಿಯ ಅಳಿವೆಯಲ್ಲಿ ನೀರುನಾಯಿಗಳ ಸಂಸಾರವೂ ಉಂಟು. ತಿಳಿವಳಿಕೆಯುಳ್ಳ ದೋಣಿಗಾರ ಡಾಲ್ಫಿನ್ ಕಂಡೊಡನೆ ಯಂತ್ರದ ಸದ್ದನ್ನು ತಗ್ಗಿಸಿ ದೂರದಲ್ಲೇ ನಿಲ್ಲುತ್ತಾನೆ. ಹತ್ತಿರ ಹೋಗೆಂದು ಒತ್ತಾಯಿಸುವವರು ಹೆಚ್ಚಾಗಿ ದೋಣಿಯೊಳಗೆ ಕುಳಿತವರು.

ಕಡಲನ್ನು ಕಾಣದವರ ಧೈರ್ಯ ಅಪಾಯಕರವೆಂಬುದಕ್ಕೆ ಕೂರ್ಮಗಡ ಸಾಕ್ಷಿಯಾಗಿ ನಿಂತಿದೆ. ಕಾರವಾರದಾಚೆಯ ಆ ದ್ವೀಪದಲ್ಲಿ ನರಸಿಂಹ ದೇವರ ಗುಡಿ. ವರ್ಷಕ್ಕೊಮ್ಮೆ, ಪುಷ್ಯದ ಹುಣ್ಣಿಮೆಗೆ ಜಾತ್ರೆ. ಆ ದಿನ ಮೀನಿನ ದೋಣಿಗಳೇ ಯಾತ್ರಿಕರ ತೇರು. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿಯ ಕಡೆಯ ಬಯಲುನಾಡಿನವರು. ಒಂದೇ ಮನೆಯ ಮಕ್ಕಳೂ ಹಿರಿಯರೂ ಒಟ್ಟಿಗೆ ಹೋದರು. ಅಂದಿನಿಂದ ಜೀವರಕ್ಷಕ ಜಾಕೀಟಿನ ಮಾತು ಅಲ್ಲಿ ಬರಿಯ ಮಾತಾಗಿ ಉಳಿದಿಲ್ಲ. ಕೊಕ್ಕಡದಂಥ ಊರಿನಿಂದ ಹೋಗುವ ಕುಟುಂಬಗಳು ದೋಣಿಗಾರ ಸುಮ್ಮನಿದ್ದರೂ ತಾವೇ ಕೇಳಿ ತೊಡಬೇಕು. ತೊಡಿಸದ ದೋಣಿಯನ್ನು ಹತ್ತದಿರುವುದೇ ಮೇಲು.

ಕಾರವಾರದ ತೆಂಕಣಕ್ಕೆ ಅರ್ಗಾದಲ್ಲಿ ನೌಕಾಪಡೆಯ ಕದಂಬ ನೆಲೆಯಿದೆ. 1986ರಲ್ಲಿ ಅಡಿಗಲ್ಲು ಹಾಕಿದ ಯೋಜನೆ ಅದು. 2005ರಲ್ಲಿ ನೆಲೆ ಕಾರ್ಯಾರಂಭಿಸಿತು. ದೇಶದ ರಕ್ಷಣೆಗೆ ಅದು ಬೇಕಾದದ್ದೇ. ಬಿಣಗಾ, ಅರ್ಗಾ ಮೊದಲಾದ ಕಡೆಯ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆಮಾರು ಬಿಟ್ಟವು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ನಡೆಯಿತು. ರೈತನಿಗೆ ಬದಲಿ ನೆಲ ತೋರಿಸಬಹುದು. ಮೀನುಗಾರನಿಗೆ ಬದಲಿ ಕಡಲನ್ನು ಎಲ್ಲಿಂದ ತರುವುದು? ಬಂದರನ್ನು ವಿಸ್ತರಿಸುವ ಕೆಲಸ ಠಾಕೂರರ ಹೆಸರಿನ ಬೀಚಿನ ಮಗ್ಗುಲಿಗೆ ಬಂದಾಗ, 2020ರ ಜನವರಿಯಲ್ಲಿ, ಕಾರವಾರದ ಮೀನುಗಾರರು ದಡದಲ್ಲಿ ಅಷ್ಟೊಂದು ಸಂಖ್ಯೆಯಲ್ಲಿ ನೆರೆದದ್ದಕ್ಕೆ ಈ ಹಳೆಯ ಅನುಭವವೂ ಕಾರಣವಾಗಿತ್ತು. ಉಳಿದಿರುವ ಮರಳಿನಲ್ಲಿ ರಂಪಣಿ ಎಳೆಯುವ ಎಡೆ ಅದೊಂದೇ ಎಂಬುದು ಅವರ ವಾದ.

ಕಾಳಿಯನ್ನು ದಾಟಿ, ದೇವಬಾಗದ ಗಾಳಿಯ ತೋಪನ್ನು ಎಡಕ್ಕೆ ಬಿಟ್ಟು ಹೋದರೆ ಮಾಜಾಳಿ. ಅಲ್ಲಿಂದ ಒಂದು ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿದರೆ ತಿಳಮಾತಿ. ಎಳ್ಳನ್ನು ಹರವಿದಂತೆ ಕಪ್ಪಾದ ಮರಳಿನಿಂದ ಆ ಪುಟ್ಟ ತೀರಕ್ಕೆ ಆ ಹೆಸರು. ಕನ್ನಡ ನಾಡಿನ ಕಡಲು ಮುಗಿಯುವುದು ಇಲ್ಲಿ. ಅಂಗಡಿಯಿಲ್ಲ, ದೀಪವಿಲ್ಲ, ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು, ಕತ್ತಲಾಗುವ ಮುನ್ನ ಗುಡ್ಡವನ್ನು ಮರಳಿ ದಾಟಬೇಕು. ಮುಂದಿನ ಪೋಳೆಂ ಗೋವೆಯದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಗಾಲ್ಜಿಬಾಗವೆಂಬ ತೀರವಿದೆ. ಅಲ್ಲಿಗೂ ಇದೇ ಆಲಿವ್ ರಿಡ್ಲಿ ಮೊಟ್ಟೆಯಿಡಲು ಬರುತ್ತದೆ. ಗೋವೆಯ ಸರಕಾರ ಅದನ್ನು ಆಮೆಗಳ ತೀರವೆಂದು ಕಾಯ್ದಿರಿಸಿದೆ. ಇತ್ತ ಮಂಗಳೂರಿನ ಹತ್ತಿರ ಸಸಿಹಿತ್ಲು, ತಣ್ಣೀರುಬಾವಿಗಳ ಮರಳಿನಲ್ಲಿಯೂ 2024ರ ಮೊದಲ ತಿಂಗಳುಗಳಲ್ಲಿ ಆಮೆಯ ಗೂಡುಗಳು ಸಿಕ್ಕಿದುವು; ಅವುಗಳಿಂದ ಹೊರಬಂದ ಮರಿಗಳನ್ನು ಊರಿನವರು ಸಾಲುಗಟ್ಟಿ ನಿಂತು ಕಡಲಿಗೆ ಕಳುಹಿಸಿಕೊಟ್ಟರು.